ತಳ ಮುಟ್ಟದ ಬೆರಳು

ಜೂನ್ ೯, ಭಾನುವಾರ ಬೆಳಿಗ್ಗೆ

ಚಿಕ್ಕವಳೆ,

ನೀನು ಮೂರು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಇದಕ್ಕೆ ಕಾರಣಗಳನ್ನು ಜೋಡಿಸಿ ನಿನ್ನನ್ನು ಒಪ್ಪಿಸುವುದು ನನಗೆ ಕಷ್ಟವಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ದುರ್ಬಲವಾದ ಪಕ್ಷ ಹಿಡಿದು ಪಾರಿತೋಷಕ ತಂದವನು ನಾನು. ಈ ಬಾರಿ ವಾದ ಬೇಡ. ತಡವಾಯಿತು, ತಪ್ಪು ನನ್ನದು. ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಮಗುವಿಗೆ ಹಲ್ಲು ಎಷ್ಟು ಬಂದವು ಎಂದು ನಿಮ್ಮಮ್ಮ ದಿನಕ್ಕೆರಡು ಸಲ ನನ್ನನ್ನು ಕೇಳುತ್ತಾಳೆ, ಮಗು ನನ್ನ ಮೇಜಿನ ಮೇಲೇ ಕುಳಿತಿದೆಯೋ ಎಂಬಂತೆ. ದಯವಿಟ್ಟು ಎಣಿಸಿ ತಿಳಿಸು. ಅವಳು ಈಗ ಎರಡು ಹೊತ್ತೂ ಊಟ ಮಾಡುತ್ತಿದ್ದಾಳೆ. ಮಾರ್ಚ್ ತಿಂಗಳಿಗೆ ಹೋಲಿಸಿದರೆ ಇದು ದೊಡ್ಡ ಸುದ್ದಿ.

ಅಕ್ಕನ ಕನ್ನಡಕದ ಅಂಗಡಿಯನ್ನು ಏನು ಮಾಡಿದಿರಿ ಎಂದು ಮೂರು ಪತ್ರಗಳಲ್ಲೂ ಕೇಳಿದ್ದೀಯ. ಇಂದು ಅದನ್ನೇ ಬರೆಯುತ್ತೇನೆ, ಮೊದಲಿನಿಂದ.

ಅವಳು ತೀರಿಕೊಂಡ ಮೇಲೆ ಎರಡು ತಿಂಗಳು ನಾನು ಆ ಬೀದಿಯ ಕಡೆ ತಲೆಹಾಕಲಿಲ್ಲ. ಕೊನೆಗೆ ಅಂಗಡಿ ಖಾಲಿ ಮಾಡಿಕೊಡಬೇಕಾದ ಗಡುವು ಹತ್ತಿರವಾದಾಗ, ಎರಡು ವಾರದ ಹಿಂದಿನ ಶನಿವಾರ ಸಂಜೆ, ರಟ್ಟಿನ ಪೆಟ್ಟಿಗೆಗಳನ್ನು ಹಿಡಿದು ಹೋದೆ. ಷಟರ್ ಅರ್ಧ ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು. ಬಗ್ಗಿ ನೋಡಿದರೆ, ಗಿರಾಕಿಗಳ ಕಣ್ಣು ಪರೀಕ್ಷಿಸಲು ಅವಳು ತೂಗುಹಾಕಿದ್ದ ಅಕ್ಷರಗಳ ಫಲಕದ ಕೆಳಗೆ, ಉದ್ದ ಬೆಂಚಿನ ಮೇಲೆ ಮೂವರು ಕುಳಿತು ಜಗಳವಾಡುತ್ತಿದ್ದರು. ಒಬ್ಬ ಪಕ್ಕದ ಕ್ಷೌರದಂಗಡಿಯವನು. ಇನ್ನೊಬ್ಬಳು ಹತ್ತಿರದ ಆಸ್ಪತ್ರೆಯ ನರ್ಸ್, ಸಮವಸ್ತ್ರದಲ್ಲೇ ಇದ್ದಳು. ಮೂರನೆಯವರು ನನ್ನ ವಯಸ್ಸಿನವರು. ಬಸ್ ಓಡಿಸಿ ನಿವೃತ್ತರಾದವರು.

"ನಿಂತಿರೋ ಬಸ್ಸಲ್ಲಿ ನೊಣ ಹಾರತ್ತೆ, ಒಪ್ಪಿದೆ. ಅರವತ್ತರಲ್ಲಿ ಓಡೋ ಬಸ್ಸಲ್ಲೂ ಅಷ್ಟೇ ಆರಾಮಾಗಿ ಹಾರತ್ತಲ್ಲ, ಅದು ಹೋಗಿ ಹಿಂದಿನ ಗಾಜಿಗೆ ಅಪ್ಪಳಿಸಬೇಕಿತ್ತು ತಾನೆ? ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದೋನು ಕೇಳ್ತಿದೀನಿ!"

"ಅದು ಟಿಕೆಟ್ ತಗೊಂಡಿರತ್ತೆ ತಾತ, ಅದಕ್ಕೇ," ಎಂದಳು ನರ್ಸ್. "ಒಳಗಿರೋ ಗಾಳೀನೂ ಬಸ್ ಜೊತೇಲೇ ಓಡ್ತಿದೆ. ನೊಣ ಗಾಳಿ ಮೇಲೆ ಸೀಟು ಹಿಡಿದಿದೆ ಅಂದ್ಕೊಳ್ಳಿ."

"ಹಾಗಾದ್ರೆ ಕಿಟಕಿ ತೆಗೆದ್ರೆ?"

"ಆಗ ಅದು ಫುಟ್‌ಬೋರ್ಡ್ ಗಿರಾಕಿ," ಎಂದ ಕ್ಷೌರದವನು. ಮೂವರೂ ನಕ್ಕರು.

ನನ್ನ ಮಗಳು ಸತ್ತು ಎರಡು ತಿಂಗಳಾಗಿದೆ, ಅವಳ ಬೆಂಚಿನ ಮೇಲೆ ಕುಳಿತು ಜನ ನಗುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಷಟರನ್ನು ಪೂರ್ತಿ ಎತ್ತಿ, ಯಾರ ಅಪ್ಪಣೆಯ ಮೇಲೆ ಒಳಗೆ ಬಂದಿರಿ ಎಂದು ಕೇಳಿದೆ. ಅಂಗಡಿಗಳಿಗೆ ಏಕಾಏಕಿ ನುಗ್ಗಿ ಕಳ್ಳತೂಕ ಹಿಡಿಯುತ್ತಿದ್ದ ಕಾಲದ ನನ್ನ ದನಿ ನಿನಗೆ ನೆನಪಿರಬಹುದು, ಅದೇ ದನಿ.

ಕ್ಷೌರದವನು ಎದ್ದು ನಿಂತ. "ಗಿಡಕ್ಕೆ ನೀರು ಹಾಕು ಅಂತ ಕನ್ನಡಕದಕ್ಕ ಬೀಗದಕೈ ಕೊಟ್ಟಿದ್ರು ಸಾರ್. ಹೋಗೋ ಮುಂಚೆ... ಆಸ್ಪತ್ರೆಗೆ ಹೋಗೋ ಮುಂಚೆ. ನೀರು ಹಾಕೋಕೆ ಬರ್ತೀವಿ, ಆಮೇಲೆ ಸುಮ್ನೆ ಕೂತ್ಕೊತೀವಿ."

ನರ್ಸ್ ನನ್ನನ್ನೇ ದಿಟ್ಟಿಸುತ್ತಿದ್ದಳು. "ನೀವು ಅಪ್ಪ ಅಲ್ವಾ? ವಿರೋಧ ಪಕ್ಷದ ಅಪ್ಪ?"

ನನಗೆ ಅರ್ಥವಾಗಲಿಲ್ಲ. ಅವಳು ಎದ್ದುಹೋಗಿ ಅಕ್ಷರಗಳ ಫಲಕದ ಕೆಳ ಅಂಚಿಗೆ ಪಿನ್ನು ಚುಚ್ಚಿದ್ದ ಚೀಟಿಗಳನ್ನು ತೋರಿಸಿದಳು. ನಿಮ್ಮಕ್ಕ ಇದನ್ನು ನನಗೆ ಎಂದೂ ವಿವರವಾಗಿ ಹೇಳಿರಲಿಲ್ಲ, ಅಥವಾ ನಾನು ಕಿವಿಗೊಟ್ಟಿರಲಿಲ್ಲ. ಶನಿವಾರ ವ್ಯಾಪಾರ ಮುಗಿದ ಮೇಲೆ ಇವರು ಆರು ವರ್ಷಗಳಿಂದ ಇಲ್ಲಿ ಸೇರುತ್ತಿದ್ದರಂತೆ. ಯಾರಿಗೆ ಯಾವ ಪ್ರಶ್ನೆ ಹೊಳೆದರೂ ಚೀಟಿಯಲ್ಲಿ ಬರೆಯುವುದು. ಕನ್ನಡಿ ಎಡಬಲ ತಿರುಗಿಸುತ್ತದೆ, ತಲೆ ಕಾಲು ಯಾಕೆ ತಿರುಗಿಸುವುದಿಲ್ಲ? ಅದು ಕ್ಷೌರದವನದು. ವಾರ್ಡಿನಲ್ಲಿ ಇಪ್ಪತ್ತಮೂರು ರೋಗಿಗಳಿದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಂತೆ, ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಇರುವಾಗ ಅದು ಹೇಗೆ? ಅದು ನರ್ಸಿನದು. ಇವರಲ್ಲಿ ಯಾರೂ ಗಣಿತವನ್ನಾಗಲಿ ವಿಜ್ಞಾನವನ್ನಾಗಲಿ ಮೇಲಿನ ತರಗತಿಗಳಲ್ಲಿ ಓದಿದವರಲ್ಲ. ವಾದ ಮುಗಿದಾಗ ಸೋತವರು ಒಂದು ಪುಸ್ತಕದಲ್ಲಿ "ಒಪ್ಪಿದೆ" ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಬೇಕು.

ಎಲ್ಲಕ್ಕಿಂತ ಹಳೆಯ ಚೀಟಿ, ಹಳದಿಯಾದದ್ದು, ನಿಮ್ಮಕ್ಕನ ಅಕ್ಷರದಲ್ಲಿತ್ತು: "ತಕ್ಕಡಿಯ ಮೇಲೆ ನೀರಿನ ಪಾತ್ರೆ. ಬೆರಳನ್ನು ನೀರಿನಲ್ಲಿ ಅದ್ದಬೇಕು; ತಳಕ್ಕೂ ಅಂಚಿಗೂ ತಾಗಬಾರದು. ತಕ್ಕಡಿ ಇಳಿಯುತ್ತದೆಯೆ? ಪರ: ನಾನು. ವಿರೋಧ: ಅಪ್ಪ. ಪರೀಕ್ಷೆ: ಅಪ್ಪ ಬಂದ ದಿನ."

ಈ ವಾದ ಹುಟ್ಟಿದ ದಿನ ನಿನಗೆ ನೆನಪಿದೆಯೊ ಇಲ್ಲವೊ. ನಿನಗೆ ಎಂಟು, ಅವಳಿಗೆ ಹನ್ನೆರಡು. ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆ ಇಟ್ಟು, ಬೆರಳು ಅದ್ದಿ, ಇದೇ ಪ್ರಶ್ನೆ ಕೇಳಿದಳು. ಇಳಿಯುವುದಿಲ್ಲ ಎಂದೆ. ನನ್ನ ಕೈಯ ಭಾರವನ್ನು ಹೊತ್ತಿರುವುದು ನನ್ನ ಭುಜ. ತಳವನ್ನೇ ಮುಟ್ಟದ ಬೆರಳಿನ ಸುದ್ದಿ ತಕ್ಕಡಿಗೆ ಹೇಗೆ ತಲುಪಬೇಕು? ಅವಳು ಬಿಡಲಿಲ್ಲ. "ನೀರು ಬೆರಳನ್ನ ಮೇಲಕ್ಕೆ ತಳ್ಳತ್ತೆ ಅಲ್ವಾ ಅಪ್ಪ? ಹಾಗಿದ್ರೆ ಬೆರಳೂ ನೀರನ್ನ ಅಷ್ಟೇ ಕೆಳಕ್ಕೆ ತಳ್ಳಬೇಕು." ಬೇಕು ಎನ್ನುವುದು ಪುರಾವೆಯಲ್ಲ ಎಂದೆ. "ಹಾಗಾದ್ರೆ ನಿಮ್ಮ ತಕ್ಕಡೀಲಿ ನೋಡೋಣ." ತೂಕ-ಅಳತೆ ಇಲಾಖೆಯ ತಕ್ಕಡಿ ಆಟದ ಸಾಮಾನಲ್ಲ ಎಂದೆ. ನಿಮ್ಮಮ್ಮ ನಕ್ಕಳು, ನೀನೂ ನಕ್ಕೆ. ಅವಳು ಮಾತ್ರ "ಸರಿ ಅಪ್ಪ" ಎಂದು ಪಾತ್ರೆಯ ನೀರನ್ನು ಹೂವಿನ ಕುಂಡಕ್ಕೆ ಸುರಿದು ಬಂದಳು.

"ಇಷ್ಟು ವರ್ಷ ಇದನ್ನೇಕೆ ನೀವೇ ಪರೀಕ್ಷಿಸಲಿಲ್ಲ? ಒಂದು ತಕ್ಕಡಿ ಸಿಗದಿತ್ತೆ?" ಎಂದು ಆ ಮೂವರನ್ನು ಕೇಳಿದೆ.

"ಅಕ್ಕ ಬಿಡಬೇಕಲ್ಲ!" ಎಂದ ಕ್ಷೌರದವನು. "ಎದುರಾಳಿ ಇಲ್ಲದಾಗ ಗೆದ್ರೆ ಅದು ಗೆಲುವಲ್ಲ, ನಮ್ಮಪ್ಪ ಹೇಳಿಕೊಟ್ಟಿದ್ದು ಅಂತಿದ್ರು. ಎದುರು ಪಕ್ಷದೋರು ಕಣ್ಣೆದುರಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ. ಅದು ಇಲ್ಲಿ ರೂಲು."

"ನಾನು ಮಾತ್ರ ನಿಮ್ಮ ಕಡೆ ಯಜಮಾನ್ರೆ," ಎಂದರು ಬಸ್ಸಿನವರು, ನನ್ನ ಕೈಹಿಡಿದು. "ನೀವಿಲ್ಲ ಅಂತ ನಿಮ್ಮ ವಾದಾನ ಆಯಮ್ಮನೇ ಮಂಡಿಸ್ತಿದ್ಳು. ಅದೇನು ಚೆನ್ನಾಗಿ ಮಂಡಿಸ್ತಿದ್ಳು ಅಂತೀರಿ! ಭುಜದ ಲೆಕ್ಕ, ಸುದ್ದಿ ಹೇಗೆ ತಲುಪಬೇಕು ಅನ್ನೋದು, ಎಲ್ಲಾ. ಅವಳು ಅವಳ ಪಕ್ಷಾನ ಅಷ್ಟು ಜೋರಾಗಿ ಹೇಳಲೇ ಇಲ್ಲ. ನಾನು ಕೇಳ್ತಾ ಕೇಳ್ತಾ ನಿಮ್ಮ ಪಾರ್ಟಿ ಸೇರಿಬಿಟ್ಟೆ."

ಚಿಕ್ಕವಳೆ, ನಾನು ವೇದಿಕೆಗಳ ಮೇಲೆ ಬಹಳ ಜನರನ್ನು ಸೋಲಿಸಿದ್ದೇನೆ. ನನ್ನ ಎದುರಾಳಿಯೊಬ್ಬಳು ಆರು ವರ್ಷ ನನ್ನ ಪರವಾಗಿ ನಿಂತು, ನನ್ನ ಮಾತುಗಳನ್ನು ನನಗಿಂತ ಗೌರವದಿಂದ ಆಡಿ, ನನಗಾಗಿ ಒಂದು ಮತ ಗಳಿಸಿಟ್ಟಿದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಅಂದು ಒಂದು ಪೆಟ್ಟಿಗೆಯನ್ನೂ ತುಂಬದೆ ಮನೆಗೆ ಬಂದೆ.

ಜನವರಿಯಲ್ಲಿ ಅವಳು ಫೋನು ಮಾಡಿದ್ದಳು. "ಒಂದು ಶನಿವಾರ ಬನ್ನಿ ಅಪ್ಪ. ತಕ್ಕಡಿ ತರೋದು ಮರೀಬೇಡಿ." ಮಂಡಿನೋವು, ಅಷ್ಟು ದೂರ ಆಗದು ಎಂದೆ. ಮಂಡಿ ಆಗ ಚೆನ್ನಾಗಿಯೇ ಇತ್ತು.

ನಿನ್ನೆ ತಕ್ಕಡಿಯನ್ನು ಒಯ್ದೆ. ನಿವೃತ್ತಿಯ ದಿನ ಕಚೇರಿಯವರು ನನಗೆ ಕೊಟ್ಟರಲ್ಲ, ಗಾಜಿನ ಪೆಟ್ಟಿಗೆಯೊಳಗಿನ ಎರಡು ತಟ್ಟೆಯ ಹಳೆಯ ತಕ್ಕಡಿ, ಅದೇ. ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ಅವಳು ಲೆನ್ಸು ಉಜ್ಜುತ್ತಿದ್ದ ಮೇಜನ್ನು ಕ್ಷೌರದವನು ಒರೆಸಿಕೊಟ್ಟ. ತಕ್ಕಡಿಯ ಪಾದಗಳ ತಿರುಪು ತಿರುಗಿಸಿ ಸಮ ಮಾಡಿದೆ. ಒಂದು ತಟ್ಟೆಯಲ್ಲಿ ಗಾಜಿನ ಲೋಟದಲ್ಲಿ ನೀರು, ಇನ್ನೊಂದರಲ್ಲಿ ತೂಕದ ಬಟ್ಟುಗಳು. ಮುಳ್ಳು ನಡುಗೆರೆಯಲ್ಲಿ ನಿಲ್ಲುವವರೆಗೆ ಚಿಕ್ಕ ಬಟ್ಟುಗಳನ್ನು ಚಿಮಟದಿಂದ ಒಂದೊಂದಾಗಿ ಇಟ್ಟೆ. ಬಸ್ಸಿನವರು ಉಸಿರು ಬಿಗಿಹಿಡಿದು ಕುಳಿತಿದ್ದರು. "ತಾತ, ಉಸಿರು ಬಿಡಿ, ಇಲ್ಲಾಂದ್ರೆ ನಿಮ್ಮನ್ನ ನಾನೇ ಎತ್ಕೊಂಡು ಹೋಗ್ಬೇಕಾಗತ್ತೆ," ಎಂದಳು ನರ್ಸ್.

ಆ ಬೆಂಚಿನ ಇನ್ನೊಂದು ನಿಯಮದ ಪ್ರಕಾರ ಮೊದಲು ಎದುರು ಪಕ್ಷದ ವಾದವನ್ನು ಹೇಳಬೇಕು. ಹೇಳಿದೆ. ನೀರು ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಬೆರಳು ನೀರನ್ನು ಅಷ್ಟೇ ಕೆಳಕ್ಕೆ ತಳ್ಳಲೇಬೇಕು. ತಳವನ್ನು ಮುಟ್ಟುವುದು ಅನಗತ್ಯ, ನೀರು ಮುಟ್ಟಿಸುತ್ತದೆ. ನನ್ನ ದನಿ ಹದಿನೆಂಟನೇ ವಯಸ್ಸಿನ ಮೊದಲ ಭಾಷಣದಲ್ಲಿ ನಡುಗಿದಂತೆ ನಡುಗಿತು. ನಂತರ ತೋರುಬೆರಳನ್ನು ನೀರಿಗೆ ಇಳಿಸಿದೆ, ಎರಡು ಗೆಣ್ಣಿನಷ್ಟು.

ತಟ್ಟೆ ಇಳಿಯಿತು.

"ಅಯ್ಯೋ ಯಜಮಾನ್ರೆ, ಠೇವಣಿ ಹೋಯ್ತಲ್ರೀ ನಮ್ದು!" ಎಂದು ಬಸ್ಸಿನವರು ಹಣೆ ಬಡಿದುಕೊಂಡರು. ಕ್ಷೌರದವನು ಚಪ್ಪಾಳೆ ತಟ್ಟಲು ಕೈಯೆತ್ತಿ, ತಟ್ಟದೆ, ಕೈಗಳನ್ನು ಹಾಗೇ ಜೋಡಿಸಿ ಹಿಡಿದುಕೊಂಡ. ನರ್ಸ್ ಮಾತ್ರ ತಕ್ಕಡಿಯನ್ನು ನೋಡುತ್ತಿರಲಿಲ್ಲ. "ಸಾರ್, ನೀವು ಮುಳ್ಳು ನೋಡಲೇ ಇಲ್ಲ," ಎಂದಳು ಮೆಲ್ಲಗೆ. "ಚೀಟಿ ನೋಡ್ತಾ ಇದ್ರಿ."

ಪುಸ್ತಕ ತಂದರು. "ಒಪ್ಪಿದೆ" ಎಂದು ಬರೆದು, ನಿನ್ನೆಯ ದಿನಾಂಕ ಹಾಕಿ, ಸಹಿ ಮಾಡಿದೆ. ಇಷ್ಟು ದೊಡ್ಡ ಮನಸ್ಸಿನಿಂದ ಸೋಲು ಒಪ್ಪಿಕೊಂಡವರನ್ನು ಈ ಬೆಂಚು ಕಂಡಿಲ್ಲ ಎಂದರು ಬಸ್ಸಿನವರು. ಒಬ್ಬರೂ ಅಳಲಿಲ್ಲ. ಆಮೇಲೆ ನೊಣದ ಚರ್ಚೆ ಮುಂದುವರಿಯಿತು, ನಾನೂ ಎರಡು ಮಾತು ಸೇರಿಸಿದೆ.

ಅಂಗಡಿಯ ಗತಿ ಹೀಗೆ: ಲೆನ್ಸಿನ ಯಂತ್ರ ಅವಳ ಕೈಕೆಳಗೆ ಕೆಲಸ ಕಲಿತ ಹುಡುಗಿಗೆ. ಬೆಂಚು, ಫಲಕ, ಚೀಟಿಗಳು ಪಕ್ಕದ ಕ್ಷೌರದಂಗಡಿಗೆ; ಶನಿವಾರಗಳು ಅಲ್ಲಿ ಮುಂದುವರಿಯುತ್ತವೆ. ಗಿಡ ನಮ್ಮ ಮನೆಗೆ ಬಂದಿದೆ. ನಿಮ್ಮಮ್ಮ ಅದನ್ನು ಕಿಟಕಿಯ ಬಳಿ ಇಟ್ಟು, ಅದರ ಜೊತೆ ನನ್ನೊಡನೆ ಆಡುವುದಕ್ಕಿಂತ ಹೆಚ್ಚು ಮಾತಾಡುತ್ತಾಳೆ.

ನಿನ್ನ ಮಗು ಮಾತು ಕಲಿತು ಪ್ರಶ್ನೆ ಕೇಳತೊಡಗಿದಾಗ, ಉತ್ತರ ತಿಳಿಯದಿದ್ದರೆ ತಿಳಿಯದು ಎಂದು ಹೇಳುವ ಧೈರ್ಯ ನಿನಗಿರಲಿ. ನಿನಗೂ ಅಳಿಯಂದಿರಿಗೂ ಮಗುವಿಗೂ ನೂರು ವರ್ಷದ ಆಯುಷ್ಯವನ್ನೂ, ಅಷ್ಟು ವರ್ಷಕ್ಕೆ ಸಾಲುವಷ್ಟು ಪ್ರಶ್ನೆಗಳನ್ನೂ ಹಾರೈಸುವ

ನಿನ್ನ ಅಪ್ಪ

ಮರೆತಿದ್ದು: ಮರೆತಿದ್ದಲ್ಲ. ಪತ್ರವನ್ನು ಲಕೋಟೆಗೆ ಹಾಕಿ ಮತ್ತೆ ಹೊರತೆಗೆದಿದ್ದೇನೆ.

ನಾನು ಪುಸ್ತಕದಲ್ಲಿ ಹಾಕಿದ ದಿನಾಂಕ ಸುಳ್ಳು. ಅಡುಗೆಮನೆಯ ಆ ವಾದದ ಮಾರನೆಯ ದಿನ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ, ಕಚೇರಿಯ ಬಾಗಿಲು ಹಾಕಿಕೊಂಡು, ಇದೇ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಬೆರಳು ಅದ್ದಿದ್ದೆ. ತಟ್ಟೆ ಇಳಿಯಿತು. ನಂಬದೆ ಮೂರು ಸಲ ನೋಡಿದೆ. ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡು, ಮಧ್ಯಾಹ್ನವೆಲ್ಲ ಊರಿನ ಅಂಗಡಿಗಳ ಬಟ್ಟುಗಳು ಸತ್ಯವೆಂದು ಮುದ್ರೆ ಒತ್ತಿದೆ. ಹತ್ತೊಂಬತ್ತು ವರ್ಷ ನನಗೆ ಗೊತ್ತಿತ್ತು. ಎದುರಾಳಿ ಇಲ್ಲದಾಗ ಪರೀಕ್ಷೆ ಮಾಡಬಾರದೆಂಬ ನಿಯಮವನ್ನು ಅವಳಿಗೆ ಕಲಿಸಿದವನು, ಅವಳು ಅದನ್ನು ಪಾಲಿಸತೊಡಗುವ ಮೊದಲೇ ಮುರಿದಿದ್ದೆ. ಜನವರಿಯಲ್ಲಿ ನನ್ನನ್ನು ತಡೆದದ್ದು ಮಂಡಿಯಲ್ಲ.

ಬರುವ ಶನಿವಾರ ಹೋಗಿ ಆ ಮೂವರ ಎದುರಿಗೇ ದಿನಾಂಕವನ್ನು ತಿದ್ದುತ್ತೇನೆ. ನಿನಗೆ ಸಾಧ್ಯವಾದರೆ ಬಾ. ಅವಳ ಪಕ್ಷದಿಂದ ಯಾರಾದರೂ ಕಣ್ಣೆದುರಿಗಿರಬೇಕು.

ಕಚೇರಿಯಲ್ಲಿ ಬೆರಳು ಅದ್ದಿ ನೋಡಿದ ಆ ದಿನ ಸಂಜೆ ಮನೆಗೆ ಬಂದಾಗ ಬಾಗಿಲು ತೆರೆದವಳು ಅವಳೇ. ನನ್ನ ಚೀಲ ತೆಗೆದುಕೊಂಡು, "ಆಫೀಸಲ್ಲಿ ನೋಡಿದ್ರಾ ಅಪ್ಪ?" ಎಂದು ಕೇಳಿದಳು. ನನಗೆ ಬೇರೆ ಕೆಲಸವಿರುತ್ತದೆ ಎಂದೆ.