ಸ್ಟೂಲಿನ ಮೇಲಿನ ಸುಟ್ಟ ಕಲೆ

ಮಾರ್ಚ್ 3, ಮಂಗಳವಾರ

ಗುಜರಿಯಿಂದ ತಂದ ಹಳೇ ಏಣಿಗೆ ಬಣ್ಣದ ಎರಡನೇ ಕೋಟ್ ಆಯಿತು. ಒಣಗಬೇಕು. ನಾಳೆ ಹಲಗೆ ಕೂರಿಸಿದರೆ ಹೂಕುಂಡದ ಸ್ಟ್ಯಾಂಡು ರೆಡಿ. ಅಂಚಿಗೆಲ್ಲ ಮೊದಲೇ ಮೇಣ ಉಜ್ಜಿದ್ದೇನೆ. ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಕೆರೆದರೆ ಏಳುತ್ತದೆ, ಅಜ್ಜನ ಕಾಲದ್ದೆಂದು ಜನ ನಂಬುತ್ತಾರೆ. ಗುಜರಿಯವನಿಗೆ ಇದೇ ತಮಾಷೆ. "ಅಲ್ಲ ಮೇಡಂ, ಹಳೇದನ್ನ ತಗೊಂಡು ಹೋಗಿ ಹೊಸದು ಮಾಡ್ತೀರಾ, ಆಮೇಲೆ ಮತ್ತೆ ಹಳೇದು ಮಾಡ್ತೀರಾ. ಹಾಗೇ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

ಅಕ್ಕ ಬಂದು ಎರಡು ತಿಂಗಳು. ಮರೆವಿನ ಕಾಯಿಲೆ. ಒಲೆ ಹಚ್ಚಿ ಮರೆಯುತ್ತಿದ್ದಳು, ಬಾಡಿಗೆ ಮನೆ ಖಾಲಿ ಮಾಡಿಸಿ ಇಲ್ಲಿಗೇ ಕರೆತಂದೆ. ಜೊತೆಗೆ ಬಂದದ್ದು ಅವಳ ಹೊಲಿಗೆ ಮಷಿನ್ನು, ಅದರ ಸ್ಟೂಲು. ದಿನವಿಡೀ ಅದರ ಮೇಲೇ ಕೂರುತ್ತಾಳೆ. ಸ್ಟೂಲಿನ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆಯ ಕಲೆ — ಒಂಬತ್ತು ವರ್ಷದವಳಿದ್ದಾಗ ನಾನು ಸುಟ್ಟದ್ದು. ಅದರ ಮೇಲೆ ಹೆಬ್ಬೆರಳು ಆಡಿಸಿದಳೋ, ಶುರು. "ಏ ಮೊಂಡಿ, ನೀನೇ ಸುಟ್ಟಿದ್ದು. ಬಿಸಿ ಇದೆ, ಮುಟ್ಬೇಡ ಅಂದಿದ್ನೋ ಇಲ್ವೋ?" ದಿನಕ್ಕೆ ಹತ್ತು ಸಲ. ನನಗೆ ಐವತ್ತೆರಡು. ಹತ್ತು ಸಲವೂ "ತಪ್ಪಾಯ್ತು ಅಕ್ಕಾ" ಅನ್ನಬೇಕು.

ಮಾರ್ಚ್ 9, ಸೋಮವಾರ

ಏಣಿ ಒಯ್ಯಲು ಗಂಡ ಹೆಂಡತಿ ಬಂದಿದ್ದರು. ಅವರ ಮುಂದೆಯೇ ಅಕ್ಕ: "ಇವಳ ಕೈಗೆ ಏನೂ ಕೊಡ್ಬೇಡಿ, ಸುಟ್ಟುಹಾಕ್ತಾಳೆ." ಅವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವರು ಹೋದ ಮೇಲೆ ರೇಗಿದೆ — "ನಲವತ್ತು ವರ್ಷ ಆಯ್ತು, ಇನ್ನೂ ಎಷ್ಟು ಸಲ?" ಪಿಳಿಪಿಳಿ ನೋಡಿದಳು. ಬೈಸಿಕೊಂಡದ್ದು ಆ ಗಳಿಗೆಗೇ ಅವಳಿಗೆ ಮರೆತಿತ್ತು. ಬೈದದ್ದು ನನಗೆ ಮರೆಯುತ್ತಿಲ್ಲ.

ಮಾರ್ಚ್ 12, ಗುರುವಾರ, ಮಧ್ಯಾಹ್ನ

ಅಕ್ಕ ಮಲಗಿದ್ದಾಳೆ. ಸ್ಟೂಲಿನ ಕಾಲು ಅಲ್ಲಾಡುತ್ತಿತ್ತು, ಬಿಗಿ ಮಾಡಿದೆ. ಮರದ ಸೀಬು ಎದ್ದಿತ್ತು, ಅಕ್ಕನಿಗೆ ಚುಚ್ಚೀತೆಂದು ಸ್ಯಾಂಡ್‌ಪೇಪರ್ ಹಿಡಿದೆ. ಕೈ ನಿಲ್ಲಲಿಲ್ಲ. ಕಲೆ ಆಳಕ್ಕೆ ಇಳಿದಿತ್ತು, ಮರ ಉಜ್ಜುವ ಮಷಿನ್ ಹಾಕಿ ತೆಗೆದೆ. ಮೇಲೆ ತಿಳಿ ನೀಲಿ ಬಣ್ಣ, ಅಂಚು ಕೆರೆದದ್ದು. ಅಕ್ಕನ ಕೋಣೆಗೆ ಒಪ್ಪುತ್ತದೆ.

ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಲಿ? ಕಾಲು, ಸೀಬು — ಎಲ್ಲ ನೆಪ. ಬೈಗುಳ ನಿಲ್ಲಲಿ ಎಂದೇ ತೆಗೆದದ್ದು. ಬೇರೆಯವರ ಮೇಜಿನ ಮೇಲೆ ಇಂಥ ಕಲೆ ಇದ್ದರೆ ಮುಟ್ಟುವುದಿಲ್ಲ, ಗಿರಾಕಿಗಳಿಗೆ ಅದೇ ಇಷ್ಟ.

ಮಾರ್ಚ್ 13, ಶುಕ್ರವಾರ

"ನನ್ನ ಸ್ಟೂಲೆಲ್ಲಿ?"

"ಇದೇ ಅಕ್ಕ. ಬಣ್ಣ ಹಾಕಿದೀನಿ."

ಸುತ್ತ ಬಂದು ನೋಡಿದಳು. ಕೂರಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಬೈಗುಳವಂತೂ ಇಲ್ಲ. ಮೂರು ಫೋಟೋ ಫ್ರೇಮು ಮುಗಿಸಿದೆ. ಇಷ್ಟು ನೆಮ್ಮದಿಯಾಗಿ ಕೆಲಸ ಮಾಡಿ ಎಷ್ಟು ದಿನವಾಗಿತ್ತು.

ಮಾರ್ಚ್ 16, ಸೋಮವಾರ

ಟೀ ಕೊಟ್ಟೆ. ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು, "ನಿಮಗ್ಯಾಕೆ ತೊಂದರೆ" ಅಂದಳು.

ನಿಮಗೆ.

ನಾಲ್ಕು ದಿನದಿಂದ ಮೊಂಡಿ ಅಂದೇ ಇಲ್ಲ, ಈಗ ಲೆಕ್ಕಕ್ಕೆ ಬಂತು. ಆ ಕಲೆ ಮುಟ್ಟಿದಾಗಲೇ ಅವಳಿಗೆ ನಾನು ಸಿಗುತ್ತಿದ್ದೆ. ದಿನಕ್ಕೆ ಹತ್ತು ಸಲ ಸಿಗುತ್ತಿದ್ದೆ... ಅದನ್ನು ನನ್ನ ಕೈಯಾರೆ ಪುಡಿ ಮಾಡಿ, ಗುಡಿಸಿ, ಕಸದ ಬುಟ್ಟಿಗೆ ಹಾಕಿದ್ದೇನೆ.

ಮಾರ್ಚ್ 18, ಬುಧವಾರ

ಬಣ್ಣವೆಲ್ಲ ತೆಗೆದೆ. ಮರಕ್ಕೆ ಕಡು ಟೀ ಬಳಿದು, ಒಣಗಿಸಿ, ಅದರ ಮೇಲೆ ಕಬ್ಬಿಣದ ನಾರು ನೆನೆಸಿದ ವಿನೆಗರ್. ಹಳೇ ಮರದ ಹಾಗೆ ಕಪ್ಪಗಾಯಿತು. ಎಣ್ಣೆ ಉಜ್ಜಿದೆ. ಇಸ್ತ್ರಿಪೆಟ್ಟಿಗೆ ಕಾಯಿಸಿ ಅದೇ ಅಂಚಿಗೆ, ಅದೇ ಓರೆಗೆ ಒತ್ತಿದೆ. ಸುಟ್ಟ ವಾಸನೆಗೆ ಅಕ್ಕ ಎದ್ದು ಬಂದಳು. ಅವಳ ಹೆಬ್ಬೆರಳು ಹಿಡಿದು ಕಲೆಯ ಮೇಲೆ ಇಟ್ಟೆ.

"ಯಾರು ಸುಟ್ಟಿದ್ದು ಅಕ್ಕಾ? ಹೇಳು."

"ಅಯ್ಯೋ ಪಾಪ, ಚೆನ್ನಾಗಿರೋ ಸ್ಟೂಲು."

"ನಾನೇ ಅಕ್ಕ. ಮೊಂಡಿ. ಬೈಯಿ."

"ಇರ್ಲಿ ಬಿಡಿ, ಬೇಕು ಅಂತ ಮಾಡಿಲ್ವಲ್ಲ." ಬೆನ್ನು ಸವರಿದಳು. "ಅಳ್ಬೇಡಿ. ಮನೇಲಿ ಬೈತಾರಾ ನಿಮಗೆ?"

ಏಪ್ರಿಲ್ 5, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ಕೆಲಸವೂ ಇಲ್ಲ. ಗುಜರಿಯವನು ಎರಡು ಸಲ ಫೋನ್ ಮಾಡಿದ, ಒಳ್ಳೆಯ ಕಿಟಕಿ ಬಂದಿದೆಯಂತೆ. ಹೋಗಲಿಲ್ಲ.

ಬೆಳಿಗ್ಗೆ ಅಕ್ಕನ ತಲೆ ಬಾಚುತ್ತಿದ್ದೆ. ಮರ್ಯಾದೆಗೆ ಮಾತಾಡಿಸುವವರ ಹಾಗೆ ಕೇಳಿದಳು — "ನಿಮಗೆ ಅಕ್ಕತಂಗಿಯರು ಇದಾರಾ?"

"ಒಬ್ಬಳು ಅಕ್ಕ. ಅಮ್ಮ ಹೋದ ಮೇಲೆ ಅವಳೇ ಹೊಲಿಗೆ ಹಾಕಿ ನನ್ನ ಸಾಕಿದ್ದು."

"ಮತ್ತೆ ಇಲ್ಲಿ ಕೂತು ನನ್ನ ತಲೆ ಬಾಚ್ತಾ ಇದೀರಲ್ಲ! ಹೋಗಿ ಅವರನ್ನ ನೋಡಿ. ಪಾಪ, ಕಾಯ್ತಾ ಇರ್ತಾರೆ."

ಬಿಡಲೇ ಇಲ್ಲ. ಎಬ್ಬಿಸಿ, ಚೀಲ ಕೈಗೆ ಕೊಟ್ಟು, ಬಾಗಿಲ ತನಕ ಬಂದಳು. ಹೋಗುತ್ತೇನೆ ಅಂದೆ. ಚಪ್ಪಲಿ ಮೆಟ್ಟಿದೆ. ಬಾಗಿಲು ಹಾಕಿಕೊಂಡಳು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ, ಕಣ್ಣು ಒರೆಸಿಕೊಂಡೆ. ಆಮೇಲೆ ಬೆಲ್ ಒತ್ತಿದೆ. ಒಳಗೆ ಅವಳ ಹೆಜ್ಜೆ ಕೇಳಿತು. ಬಾಗಿಲು ತೆಗೆದಳು. ನನ್ನ ಮುಖ ನೋಡಿ "ಯಾರು ಬೇಕಿತ್ತು?" ಅಂದಳು, "ನನ್ನ ಅಕ್ಕನ್ನ ನೋಡೋಕೆ ಬಂದೆ" ಅಂದೆ.