ಬಾಗಿಲ ಪಕ್ಕದ ಕುರ್ಚಿ

ಚೆಂಗ್ಡು
ನವೆಂಬರ್ 19

ಮುದ್ದಿನ ತಂಗಿ ಪಬಿತ್ರಾ,

ಎಲ್ಲರೂ ಕ್ಷೇಮವೇ? ನಮ್ಮೂರು ಧರಾನಿನಲ್ಲಿ ಚಳಿ ಶುರುವಾಗಿರಬೇಕು. ಅಮ್ಮನ ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯ ತಾನೇ? ದಸರೆಗೆ ಮುಂಚೆ ನೀನು ಕೇಳಿದ್ದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ. ಅದಕ್ಕೇ ಕಾಗದ. ಅರ್ಧಕ್ಕೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಇಷ್ಟು ಬರೆಯುವಷ್ಟರಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬಂದೆ. ಆರಿಸಿದ್ದೆ.

"ಭಾವನೇ ತೀರಿಹೋದ್ಮೇಲೆ ಅಲ್ಲಿ ನಿನ್ನೋರು ಅಂತ ಯಾರಿದಾರೆ ದಿದಿ, ಬಂದ್ಬಿಡು" ಅಂದೆಯಲ್ಲ, ಆ ಮಾತು ಮುಳ್ಳಿನ ಹಾಗೆ ಕೂತಿದೆ. ಪರದೆ ಅಂಗಡಿಯಲ್ಲಿ ನೆರಿಗೆ ಹೊಲಿಯುವಾಗಲೂ ಅದೇ, ನಿದ್ದೆಯಲ್ಲೂ ಅದೇ. ವಾಸದ ಪರವಾನಗಿ ಮತ್ತೆ ಸಿಗದಿದ್ದರೆ? ಜ್ವರ ಬಂದು ಮಲಗಿದರೆ? ಯೋಚಿಸದೆ ಉಳಿದದ್ದು ಒಂದೂ ಇಲ್ಲ. ಆದರೂ ನಾನು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳು.

ಹೋದ ಭಾನುವಾರ ನಿನ್ನ ಭಾವ ದೆಮಿಂಗ್‌ನ ಅಮ್ಮನ ಹುಟ್ಟುಹಬ್ಬದ ಊಟವಿತ್ತು, ಪ್ರತಿವರ್ಷದಂತೆ ಹೋಟೆಲಿನಲ್ಲಿ. ಇಲ್ಲಿ ದುಂಡು ಮೇಜಿನ ಸುತ್ತ ಯಾರು ಎಲ್ಲಿ ಬೇಕಾದರೂ ಕೂರುವ ಹಾಗಿಲ್ಲ. ಬಾಗಿಲಿಗೆ ಎದುರಾಗಿ ಹಿರಿಯರು, ಅವರ ಪಕ್ಕ ಅತಿಥಿ. ಬಾಗಿಲಿಗೆ ಬೆನ್ನು ಹಾಕಿ, ತಟ್ಟೆಗಳು ಒಳಗೆ ಬರುವ ಕಡೆ ಕೂರುವವರು ಮನೆಯ ಸೊಸೆಯರು. ಟೀ ಬಗ್ಗಿಸುವುದು, ಬಡಿಸುವುದು, ಹೊರಗೆ ಹೋಗಿ ಅನ್ನಕ್ಕೆ ಕೂಗುವುದು ಅವರ ಪಾಲು. ನಾನು ಹಿರಿಸೊಸೆ. ಆದರೆ ಮದುವೆಯಾದಾಗಿನಿಂದ ನನ್ನನ್ನು ಕೂರಿಸುವುದು ಅತ್ತೆಯ ಪಕ್ಕದ ಅತಿಥಿ ಕುರ್ಚಿಯಲ್ಲೇ. "ಹೊರದೇಶದೋರು, ಆರಾಮಾಗಿ ಕೂತ್ಕೊಳ್ಳಿ" ಅನ್ನುತ್ತಾರೆ. ಬಡಿಸುವ ಹುಡುಗಿ ಕೇಳದೆಯೇ ಫೋರ್ಕ್ ತಂದಿಡುತ್ತಾಳೆ. "ಇವರು ಖಾರ ತಿಂತಾರಾ?" ಎಂದು ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುತ್ತಾಳೆ. ಧರಾನಿನ ಅಕಬರೆ ಮೆಣಸಿನಕಾಯಿ ಕಚ್ಚಿ ಬೆಳೆದವಳನ್ನು!

ಈ ಸಲ ಹಾಗಾಗಲು ಬಿಡುವುದಿಲ್ಲ ಎಂದುಕೊಂಡೆ. ನಮ್ಮ ಕಟ್ಟಡದ ಕೆಳಗೆ ನೂಡಲ್ಸ್ ಅಂಗಡಿಯ ಮುದುಕ ಚೂ ಇದ್ದಾನಲ್ಲ, ನನ್ನ ಬೆಳಗಿನ ತಿಂಡಿ ಅವನಲ್ಲೇ. ಅವತ್ತು ನನ್ನ ಮುಖ ನೋಡಿ, "ಏನಮ್ಮಾ, ಇಷ್ಟು ಹುಳಿ ಮುಖ? ನಿನ್ನ ಬಟ್ಟಲಿಗೆ ವಿನಿಗರ್ ಬೇಡ ಬಿಡು" ಅಂದ. ಹೇಳಿಕೊಂಡೆ. "ಅಷ್ಟೇನಾ? ಎಲ್ರಿಗಿಂತ ಮುಂಚೆ ಹೋಗಿ ಬಾಗಿಲ ಹತ್ರ ಕೂತ್ಬಿಡು. ಭೂಕಂಪ ಆದ್ರೂ ಏಳ್ಬೇಡ" ಅಂದ.

ಹಾಗೇ ಮಾಡಿದೆ. ಮೈದುನ ದೆಗುಯಿ ಬಂದವನೇ ಹೌಹಾರಿದ.

"ಅಯ್ಯೋ ಅತ್ತಿಗೆ, ಅಲ್ಲಿ ಯಾಕೆ ಕೂತ್ರಿ? ಏಳಿ, ಅಮ್ಮನ ಪಕ್ಕ ಬನ್ನಿ!"

"ಇಲ್ಲೇ ಇರ್ತೀನಿ."

ಅವನ ಹೆಂಡತಿ ಶೂಲಾನ್ ಒಂದು ತೋಳು ಹಿಡಿದಳು, ಅವನು ಇನ್ನೊಂದು. ನಾನು ಮೇಜಿನ ಅಂಚನ್ನು ಬಿಡಲಿಲ್ಲ. ಕೋಟಿನ ಗುಂಡಿ ಕಿತ್ತುಬಂದು ಕಡಲೆಬೀಜದ ತಟ್ಟೆಗೆ ಬಿತ್ತು. ಈ ಊರಿನಲ್ಲಿ ಕುರ್ಚಿಗಾಗಿ ಇಷ್ಟು ಎಳೆದಾಡುವುದು ಮರ್ಯಾದೆಯೇ, ಆದ್ದರಿಂದ ಬಡಿಸುವ ಹುಡುಗಿ ತಟ್ಟೆ ಹಿಡಿದು ಸುಮ್ಮನೆ ಕಾಯುತ್ತಿದ್ದಳು. ಅತ್ತೆಗೆ ಕೋಪ ಬಂದರೆ? ಹಬ್ಬದ ದಿನವೇ ರಂಪ ಮಾಡಿದಳು ಎಂದರೆ?

"ಬಿಡ್ರೋ ಅವಳನ್ನ" ಎಂದರು ಅತ್ತೆ. "ಹಸಿವಾಗ್ತಿದೆ. ಅಲ್ಲೇ ಕೂರೋಳು ಟೀ ಹಾಕ್ಲಿ."

ಎದ್ದು ಟೀ ಬಗ್ಗಿಸಲು ಹೋದೆ. ಗಡಿಬಿಡಿಯಲ್ಲಿ ಅತ್ತೆಯ ಬಟ್ಟಲು ಅಂಚಿನವರೆಗೂ ತುಂಬಿಬಿಟ್ಟಿತು. ಇಲ್ಲಿ ಬಟ್ಟಲು ತುಂಬ ಟೀ ಹಾಕಿದರೆ, ಕುಡಿದು ಎದ್ದು ಹೊರಡಿ ಎಂದ ಹಾಗೆ.

"ಮಾ, ಪಾಪ, ಅವರಿಗೆ ಗೊತ್ತಿಲ್ಲ" ಎಂದಳು ಶೂಲಾನ್.

"ಗೊತ್ತು!" ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಗೊತ್ತು. ಗಡಿಬಿಡಿ ಆಯ್ತು, ಅಷ್ಟೇ."

ಅತ್ತೆ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. "ಗೊತ್ತಿದ್ದೂ ಮಾಡಿದ್ಯಾ? ಇನ್ನೂ ಚೆನ್ನಾಯ್ತು! ನನ್ನ ಹುಟ್ಟುಹಬ್ಬಕ್ಕೆ ನನ್ನನ್ನೇ ಓಡಿಸ್ತೀಯಾ? ನನ್ನ ಸೊಸೆಗೆ ಟೀ ಹಾಕೋಕೂ ಬರಲ್ಲ ಅಂತ ಜನ ನಗಲ್ವೇನೇ? ಚೆಲ್ಲು ಅದನ್ನ. ಸರಿಯಾಗಿ ಹಾಕು."

ಪಬಿತ್ರಾ, ಇಷ್ಟು ವರ್ಷದಲ್ಲಿ ಆಕೆ ನನಗೆ ಬೈದದ್ದು ಅದೇ ಮೊದಲು. ಅತಿಥಿಗೆ ಯಾರು ಬೈಯುತ್ತಾರೆ ಹೇಳು? ಚೆಲ್ಲಿ, ಮುಕ್ಕಾಲು ಬಟ್ಟಲು ಹಾಕಿ ಎರಡೂ ಕೈಯಲ್ಲಿ ಕೊಟ್ಟೆ. ಆಮೇಲೆ ಊಟ ಮುಗಿಯುವವರೆಗೂ ಏಳುವುದು, ಕೂರುವುದು, ಮೀನು ಬಿಡಿಸಿ ಹಾಕುವುದು. ಶೂಲಾನ್ ಕಿವಿಯಲ್ಲಿ ಹೇಳಿದಳು: "ಹುಚ್ಚಿ ನೀವು. ಇಲ್ಲಿ ಕೂತ್ರೆ ಬಿಸಿ ಅನ್ನೋದು ಬಾಯಿಗೆ ಸಿಗಲ್ಲ. ಮದುವೆ ಆದಾಗಿಂದ ತಣ್ಣಗಿರೋದೇ ತಿಂದಿದೀನಿ."

ನಾನೂ ಅವತ್ತು ತಣ್ಣಗಿದ್ದದ್ದನ್ನೇ ತಿಂದೆ. ಬಡಿಸುವ ಹುಡುಗಿ ಫೋರ್ಕ್ ತಂದಾಗ ಅವಳ ಕೈಗೇ ವಾಪಸು ಕೊಟ್ಟೆ.

ನಿನ್ನವರು ಯಾರಿದ್ದಾರೆ ಎಂದು ಕೇಳಿದೆಯಲ್ಲ. ಬೈಯುವವರಿದ್ದಾರೆ. ಈ ಜಾಗವನ್ನು ಯಾರೂ ನನಗೆ ಕೊಟ್ಟದ್ದಲ್ಲ, ಮೇಜು ಹಿಡಿದು ಕೂತು ಪಡೆದದ್ದು. ಬಿಟ್ಟು ಬರಲಾರೆ. ಬೇಕಾದರೆ ನೀನೇ ಒಮ್ಮೆ ಬಂದು ಹೋಗು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ದಸರೆಯಲ್ಲಿ ನಿನ್ನ ಹಣೆಗೆ ಹಚ್ಚಬೇಕಿದ್ದ ಟೀಕಾವನ್ನು ಇಲ್ಲಿಂದಲೇ ಹಚ್ಚುತ್ತಿದ್ದೇನೆ. ನಿನ್ನ ಮನೆ ತುಂಬಿರಲಿ, ಮಕ್ಕಳ ಕೆಮ್ಮು ವಾಸಿಯಾಗಲಿ, ನಿನ್ನ ಗಂಡನ ಆಯುಸ್ಸು ಗಟ್ಟಿಯಿರಲಿ.

ನಿನ್ನ ದಿದಿ,
ದಿಲ್‌ಮಾಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ದೆಮಿಂಗ್‌ನನ್ನು ಸುಟ್ಟ ದಿನ ಚಿತಾಗಾರದ ಒಳಗಿನಿಂದ ಒಬ್ಬ ಬಂದು, ಬೂದಿಯಿಂದ ಮೂಳೆ ಆರಿಸಲು ಮನೆಯವರು ಬನ್ನಿ ಎಂದು ಕರೆದ. ನಾನು ಎದ್ದೆ. ದೆಗುಯಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಅತ್ತಿಗೆ, ನೀವಿಲ್ಲೇ ಕೂತಿರಿ, ನಿಮಗೆ ಇದೆಲ್ಲ ಹೊಸದು" ಎಂದ. ಶೂಲಾನ್ ನನ್ನ ಕೈಗೆ ಒಂದು ಲೋಟ ಬಿಸಿನೀರು ಕೊಟ್ಟು ಒಳಗೆ ಹೋದಳು. ತಳ್ಳಿದ್ದರೆ ಜಗಳವಾಡುತ್ತಿದ್ದೆ ಪಬಿತ್ರಾ. ಅಷ್ಟು ಪ್ರೀತಿಯಿಂದ ಕೂರಿಸಿದರು. ಅವರು ಅವನನ್ನು ಆರಿಸಿ ತರುವವರೆಗೂ ನಾನು ಹೊರಗೆ ಕೂತು ಆ ನೀರು ಕುಡಿದೆ.