ಹಿತ್ತಿಲಮನೆಯ ಬಾಗಿಲು

ಮಗನಿಗೆ,

ಹಿತ್ತಿಲಲ್ಲಿ ನೀನು ನನಗೆಂದು ಕಟ್ಟಿಸುತ್ತಿರುವ ಪುಟ್ಟ ಮನೆಯನ್ನು ಇವತ್ತು ನೋಡಿ ಬಂದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೀಯ, ಸಂತೋಷ. ಬಾಗಿಲು ಮಾತ್ರ ಹಿಂದಿನ ಓಣಿಗೆ ತೆರೆಯುತ್ತದೆ. ನಮ್ಮ ಅಡುಗೆಮನೆಯ ಕಡೆಗೆ ಬರೀ ಗೋಡೆ, ಒಂದು ಕಿಟಕಿಯೂ ಇಲ್ಲ. ಯಾಕೆಂದು ಮೇಸ್ತ್ರಿಯನ್ನು ಕೇಳಿದೆ. ಪಾಪ, ತಲೆ ತಗ್ಗಿಸಿಕೊಂಡೇ ಹೇಳಿದ: "ನಿಮ್ಮ ಮಗನೇ ಬೇಡ ಅಂದ್ರಮ್ಮ. ಆ ಕಡೆ ಬಾಗಿಲಿಟ್ರೆ ನೀವು ಹೊತ್ತುಗೊತ್ತಿಲ್ಲದೆ ಒಳಗೆ ಬರ್ತೀರಂತೆ."

ಮೂವತ್ತು ವರ್ಷ ಆ ಒಲೆಯ ಮುಂದೆ ನಿಂತವಳು ನಾನು. ಇರಲಿ.

ಮನೆಯೊಡತಿಯ ಸಹಿ ಬೇಕೆಂದು ನೀನು ಮೇಜಿನ ಮೇಲಿಟ್ಟು ಹೋದ ಅರ್ಜಿಗೆ ಸಹಿ ಹಾಕಿದ್ದೇನೆ. 'ಹಿತ್ತಿಲಮನೆಯಲ್ಲಿ ವಾಸಿಸುವವರು' ಎಂಬಲ್ಲಿ ಖಾಲಿ ಇತ್ತು. ನಿನ್ನ ಹೆಸರು, ನಿನ್ನ ಹೆಂಡತಿಯ ಹೆಸರು ಬರೆದಿದ್ದೇನೆ.

ಬಚ್ಚಲ ಕಂಬಿಯನ್ನು ಕೀಳಿಸಬೇಡ. ಮುಂದೆ ನಿಮಗೂ ಬೇಕಾಗುತ್ತದೆ.

ಇಂತಿ,
ದೊಡ್ಡ ಮನೆಯಲ್ಲೇ ಇರುವ
ನಿನ್ನ ಅಮ್ಮ